ಕಡ್ಡಿ ಬೆಳೆದಿಲ್ಲ, ಮನೆ ಕುಗ್ಗಿದೆ

ವರ್ಕ್‌ಶಾಪಿನ ಮುಂದಿನ ಕೋಣೆ,
ಹದಿನಾರನೇ ತಾರೀಖು, ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ, ಜೊತೆಗೆ ಸ್ವಲ್ಪ ಭಯದ ಮಾವನವರಿಗೆ,

ನಿಮ್ಮ ಅಳಿಯನ ನಮಸ್ಕಾರ. ಮೊದಲು ಕಣ್ಣಿನ ವಿಚಾರ. ಎಡಗಣ್ಣಿನ ಉರಿ ಇಳಿದಿದೆ ಎಂದು ನಿಮ್ಮ ಚಿಕ್ಕ ಮಗಳು ತಿಳಿಸಿದಳು, ಸಮಾಧಾನವಾಯಿತು. ಆಪರೇಷನ್ನಾದ ಬಲಗಣ್ಣಿನಲ್ಲಿ ನೀರು ಬರುವುದು ನಿಂತಿತೆ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲಾ ‘ಎಣ್ಣೆ ಜಾಸ್ತಿ ಆದ್ರೆ ಹೊಗೆ ಬರುತ್ತೆ’ ಎಂದು ಡಾಕ್ಟರಿಗೇ ಪಾಠ ಹೇಳುತ್ತಿದ್ದೀರಾ? ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ಸೀನಬಾರದು, ಸಿಟ್ಟು ಮಾಡಿಕೊಳ್ಳಬಾರದು, ಇಪ್ಪತ್ತನೇ ತಾರೀಖಿನವರೆಗೆ ಅಕ್ಷರ ಓದಬಾರದು ಎಂದಿದ್ದಾರಂತೆ. ಸಿಟ್ಟೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೀವು ಪಾಲಿಸುತ್ತೀರಿ ಎಂಬ ನಂಬಿಕೆ ನನಗಿದೆ. ಸಿಟ್ಟಿನ ಸಲುವಾಗಿ ಈ ಪತ್ರವನ್ನು ಒಂದೊಂದೇ ನಟ್ಟು ಬಿಚ್ಚುವಂತೆ ನಿಧಾನಕ್ಕೆ ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ಮೂರನೇ ಮಾತಿಗೆ ‘ಸರಿ, ಇಡ್ತೀನಿ’ ಎನ್ನುವವರು. ಪತ್ರವಾದರೆ ಓದಿ ಹೇಳುವವಳು ನಿಲ್ಲಿಸುವವರೆಗೆ ಕೇಳಲೇಬೇಕು. ಓದುತ್ತಿರುವ ಚಿಕ್ಕವಳೇ, ಇದರಲ್ಲಿ ಬರುವುದನ್ನು ನಿನ್ನ ಅಕ್ಕನಿಗೆ ಫೋನ್ ಮಾಡಿ ಒಪ್ಪಿಸಬೇಡ. ನಿನ್ನ ಬಾಯಿಗೆ ಬೀಗ, ಭಾವನಿಗೆ ಆಗ ಸರಾಗ.

ನೀವು ಊರಿಗೆ ಹೊರಟ ಬೆಳಿಗ್ಗೆ ವರ್ಕ್‌ಶಾಪನ್ನು ಟೈರಿನಂಗಡಿಯವರಿಗೆ ಬಿಟ್ಟುಕೊಡುವ ಕರಾರು ಪತ್ರಕ್ಕೆ ಸಹಿ ಹಾಕಿ, ನನ್ನ ಕೈಗೆ ಕೊಟ್ಟು, ‘ಹದಿನೈದಕ್ಕೆ ಅವರಿಗೆ ಮುಟ್ಟಿಸು, ಮುಂದಿನ ಒಂದನೇ ತಾರೀಖಿಂದ ಜಾಗ ಅವರದು, ಇವಳಿಗೆ ನಾನು ಬಂದ ಮೇಲೆ ಹೇಳ್ತೀನಿ’ ಎಂದಿದ್ದಿರಿ. ನಾನು ‘ಒಂದು ಮಾತು ಅವಳನ್ನ ಕೇಳಬಹುದಿತ್ತಲ್ಲ ಮಾವ’ ಎಂದೆ. ಅದಕ್ಕೆ ನೀವು, ‘ಬಿಡಿಭಾಗ ಜೋಡಿಸೋದು ಬೇರೆ, ಎಂಜಿನ್ ಕಟ್ಟೋದು ಬೇರೆ. ಅದು ಅವಳಿಂದ ಆಗಲ್ಲಪ್ಪ. ನನ್ನ ಹೆಸರು ಕೆಡೋದಕ್ಕಿಂತ ಬಾಗಿಲು ಮುಚ್ಚೋದು ವಾಸಿ’ ಎಂದಿರಿ. ಹತ್ತೊಂಬತ್ತು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಟ್ಟ ನಿಮ್ಮ ದೊಡ್ಡ ಮಗಳ, ನನ್ನ ಹೆಂಡತಿಯ ಬಗ್ಗೆ ಅಷ್ಟೇ ಮಾತು. ನಾನು ಕಾಗದವನ್ನು ಮಡಿಸಿ ಜೇಬಿಗಿಟ್ಟೆ. ನಾನು ಕಲಿತದ್ದು ಹಳಗನ್ನಡ ಕಾವ್ಯ ಮತ್ತು ಛಂದಸ್ಸು. ಎಂಜಿನ್ ಬಗ್ಗೆ ವಾದಿಸುವ ಅಧಿಕಾರ ನನಗೆ ಎಲ್ಲಿಂದ ಬರಬೇಕು? ಆ ಕಾಗದದ ಸಂಗತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಇಲ್ಲಿ ನಡೆದದ್ದನ್ನು ನೀವು ಕೇಳಬೇಕು.

ನೀವು ಹೋದ ನಾಲ್ಕನೇ ದಿನ ಲಾಂಚಮ್ಮ ಬಂದರು. ಚಿಕ್ಕವಳಿಗೆ ಗೊತ್ತಿರಲಿಕ್ಕಿಲ್ಲ: ಹೊಳೆಯ ಎರಡು ದಡದ ನಡುವೆ ಲಾಂಚ್ ಓಡಿಸುವ ಹೆಂಗಸು, ನರ್ಸುಗಳು, ಮೇಷ್ಟರುಗಳು, ಗಿರಣಿಯವರು ಎಲ್ಲರೂ ಅವರದರಲ್ಲೇ ದಾಟುವುದು. ನೀರು ಎಳೆಯುವ ಕೊಳವೆಗೆ ಪಾಚಿ ಸಿಕ್ಕಿ, ಎಂಜಿನ್ ಕುದ್ದು, ಅದರ ಮೇಲಿನ ಭಾಗವಾದ ಹೆಡ್ ಸೊಟ್ಟಗಾಗಿತ್ತು. ಕೈಗಾಡಿಯ ಮೇಲೆ ಎಂಜಿನ್, ಹಿಂದೆ ಹಗ್ಗ ಹಿಡಿಯುವ ಅವರ ಇಬ್ಬರು ಆಳುಗಳು. ಬಾಗಿಲಲ್ಲೇ ನಿಂತು ‘ಅಪ್ಪ ಎಲ್ಲಿ?’ ಎಂದರು. ನಿಮ್ಮ ಮಗಳು ‘ಕಣ್ಣಿನ ಆಪರೇಷನ್ನಿಗೆ ಹೋಗಿದಾರೆ, ನಾನಿದೀನಲ್ಲ’ ಎಂದಳು. ಲಾಂಚಮ್ಮ ಅವಳ ಹೆಗಲ ಮೇಲಿಂದ ಒಳಗೆ ಇಣುಕಿ ‘ಅದು ಸರಿ, ಅಪ್ಪ ಎಲ್ಲಿ?’ ಎಂದು ಎರಡನೇ ಸಲ ಕೇಳಿದರು. ಆಮೇಲೆ ಗೋಡೆಗೆ ನಾನು ಅಂಟಿಸಿದ್ದ ‘ಬೋಲ್ಟಿಗೆ ಬೇಕು ಬಿಗಿ, ಗಿರಾಕಿಗೆ ಬೇಕು ನಗಿ’ ಎಂಬ ಚೀಟಿಯನ್ನು ಓದಿ, ‘ಅಪ್ಪ ಇಲ್ದಿದ್ರೆ ಇಲ್ಲಿ ಬರೀ ಪ್ರಾಸ ಸಿಗುತ್ತೆ ಅಂತ ಕಾಣುತ್ತೆ’ ಎಂದು ನನ್ನ ಕಡೆ ನೋಡಿದರು. ನಾನು ನಕ್ಕೆ. ನಿಮ್ಮ ಮಗಳು ನಗಲಿಲ್ಲ. ‘ಎಂಜಿನ್ ಇಳಿಸಿ’ ಎಂದಳು. ಅಷ್ಟೇ. ಆ ಎರಡು ಮಾತು ಹೇಳಿದ ರೀತಿ ಥೇಟ್ ನಿಮ್ಮದೇ, ಮಾವ. ಆಳುಗಳು ಇಳಿಸಿಬಿಟ್ಟರು.

ಬಿಚ್ಚುವುದು ಅವಳ ಕೆಲಸ, ತೊಳೆಯುವುದು ನನ್ನದು. ನಿಮ್ಮ ಕಟ್ಟಳೆಯಂತೆ ಪುಶ್‌ರಾಡ್ ಎಂಬ ಎಂಟು ಕಡ್ಡಿಗಳನ್ನೂ ರಟ್ಟಿನ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಒಂದರಿಂದ ಎಂಟರವರೆಗೆ ನಂಬರು ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗುವಂತೆ ಸಾಲಾಗಿ ಚುಚ್ಚಿಟ್ಟೆ. ವಾಲ್ವ್ ಒತ್ತುವ ರಾಕರ್‌ಗಳ ದಂಡವನ್ನು ಅವಳು ಅದನ್ನು ಹೊರುವ ಸ್ಟ್ಯಾಂಡುಗಳ ಸಮೇತ ಒಟ್ಟಿಗೇ ಎತ್ತಿ ನನ್ನ ಸೀಮೆಎಣ್ಣೆ ತೊಟ್ಟಿಗೆ ಇಳಿಸಿದಳು. ತೊಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಬೀದಿಯಲ್ಲಿ ಇಲ್ಲ, ಅದು ನೀವೂ ಒಪ್ಪುವ ಮಾತು. ಸ್ಟ್ಯಾಂಡುಗಳ ಅಡಿಗೆ ಸುಟ್ಟ ಎಣ್ಣೆ ಕರಿ ಕಟ್ಟಿಕೊಂಡಿತ್ತು. ಕೆರೆದೆ, ಉಜ್ಜಿದೆ, ಚಕ್ಕೆಚಕ್ಕೆಯಾಗಿ ಎದ್ದು ಬಂದದ್ದನ್ನೆಲ್ಲ ಕಸದ ಡಬ್ಬಕ್ಕೆ ಗುಡಿಸಿದೆ. ಕೊನೆಗೆ ಆ ಸ್ಟ್ಯಾಂಡುಗಳು ಮದುವೆ ಮನೆಯ ಪಾತ್ರೆಗಳ ಹಾಗೆ ಫಳಫಳ ಹೊಳೆದವು. ಈ ವಾಕ್ಯವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಪುಟದಲ್ಲಿ ನನ್ನನ್ನು ಬೈಯಲು ಬೇಕಾಗುತ್ತದೆ.

ಎದುರು ಲೇತ್‌ನವರು, ಅದೇ ನಮ್ಮ ಸೊನ್ನೆ ಪಾಯಿಂಟ್ (ಊಟ ಆಯ್ತಾ ಎಂದರೂ ‘ಸೊನ್ನೆ ಪಾಯಿಂಟ್ ಐದು ಬಾಕಿ’ ಎನ್ನುವ ಮನುಷ್ಯ), ಹೆಡ್ಡಿನ ಮುಖವನ್ನು ತೇಯಿಸಿ ಮಟ್ಟ ಮಾಡಿಕೊಟ್ಟರು. ವಾಲ್ವ್ ಕೂರುವ ಸೀಟುಗಳನ್ನು ಅವಳೇ ಕಡೆದಳು. ಹೆಡ್ಡಿನ ಅಡಿಗೆ ಹಾಸುವ ಹಳೆಯ ಥರದ ದಪ್ಪ ಗ್ಯಾಸ್ಕೆಟ್ ಈಗ ಸಿಗುವುದಿಲ್ಲ, ತೆಳು ಉಕ್ಕಿನದು ಬಂತು. ಎಲ್ಲವನ್ನೂ ಜೋಡಿಸಿ, ಕಡ್ಡಿಗಳನ್ನು ನಂಬರಿನ ಪ್ರಕಾರ ಇಳಿಸಿ, ಬಿಗಿದು, ಎಣ್ಣೆ ತುಂಬಿ ಸಿದ್ಧ ಮಾಡಿದ ದಿನ ಲಾಂಚಮ್ಮ ಆಳುಗಳ ಸಮೇತ ಬಂದು ಸ್ಟೂಲಿನ ಮೇಲೆ ಕೂತರು. ಸೊನ್ನೆ ಪಾಯಿಂಟೂ ಬಂದರು. ಸಾಲದ್ದಕ್ಕೆ ಅದೇ ಗಳಿಗೆಗೆ ಟೈರಿನವರೂ ಟೇಪು ಹಿಡಿದು ಬಂದು, ಯಾರಿಗೂ ಏನೂ ಹೇಳದೆ, ಹಿಂದಿನ ಗೋಡೆಯನ್ನು ಅಳೆಯತೊಡಗಿದರು. ‘ಇವರೇನ್ರೀ ಗೋಡೆ ಅಳೀತಿದಾರೆ?’ ಎಂದು ನಿಮ್ಮ ಮಗಳು ಕೇಳಿದಳು. ‘ಸುಣ್ಣ ಹೊಡೆಯೋರು’ ಎಂದೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು, ಅದೂ ನಿಮ್ಮ ಸಲುವಾಗಿ. (ಮೊದಲನೆಯದು ಎಂದದ್ದೇ ಎರಡನೆಯ ಸುಳ್ಳು ಎಂದು ಇಟ್ಟುಕೊಳ್ಳಿ.)

ಅವಳು ಹ್ಯಾಂಡಲ್ ಹಾಕಿ ತಿರುಗಿಸಿದಳು. ಎಂಜಿನ್ ಗಿರಗಿರ ತಿರುಗಿತು, ರಾಟೆ ತಿರುಗಿದ ಹಾಗೆ ಹಗುರವಾಗಿ. ಹಾಗೆ ತಿರುಗಬಾರದು ಎಂಬುದು ಬಿ.ಎ. ಮಾಡಿದ ನನಗೂ ಗೊತ್ತು. ಒಳಗೆ ಗಾಳಿ ಅದುಮಿಕೊಂಡು ಕೈಗೆ ಎದುರು ಒತ್ತಬೇಕು. ಇಲ್ಲಿ ಒಂದೇ ಒಂದು ಸಿಲಿಂಡರ್ ಅರೆಮನಸ್ಸಿನಿಂದ ಒತ್ತಿತು, ಉಳಿದ ಮೂರು ನಿಟ್ಟುಸಿರು ಬಿಟ್ಟವು. ಹತ್ತು ಸಲ, ಹದಿನೈದು ಸಲ. ಸ್ಟಾರ್ಟ್ ಆಗಲಿಲ್ಲ. ಲಾಂಚಮ್ಮ ಸೆರಗು ಕೊಡವಿಕೊಂಡು ಎದ್ದರು. ‘ಅಪ್ಪ ಬರೋದು ಯಾವಾಗ?’ ಎಂದರು. ಟೈರಿನವರು ಟೇಪನ್ನು ಸರ್‌ರನೆ ಒಳಗೆಳೆದುಕೊಂಡರು. ಜೇಬಿನಲ್ಲಿದ್ದ ನಿಮ್ಮ ಕಾಗದ ಒಂದು ಕೇಜಿ ಭಾರ ಹೆಚ್ಚಾಯಿತು.

ನಿಮಗೆ ಇಷ್ಟರಲ್ಲೇ ಅರ್ಥವಾಗಿರುತ್ತದೆ. ಓದುತ್ತಿರುವವಳಿಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾನೂ ಮೊನ್ನೆಯೇ ಕಲಿತದ್ದು. ಎಂಜಿನಿನ ಕೆಳಗೆ ಕ್ಯಾಮ್ ಎಂಬ ಉಬ್ಬಿನ ದಂಡ ತಿರುಗುತ್ತದೆ. ಮೇಲೆ, ಹೆಡ್ಡಿನಲ್ಲಿ, ಗಾಳಿ ಬಿಡುವ ವಾಲ್ವುಗಳಿವೆ. ಕೆಳಗಿನ ಉಬ್ಬಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವುದು ಬೆರಳು ಗಾತ್ರದ ಈ ಪುಶ್‌ರಾಡ್ ಎಂಬ ಕಡ್ಡಿ. ಅದು ರಾಕರಿನ ಬಾಲವನ್ನು ಎತ್ತಿದರೆ, ಏತದ ಹಾಗೆ ರಾಕರಿನ ಮೂತಿ ಬಾಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಕಡ್ಡಿಯ ಬುಡದಲ್ಲಿ ಟ್ಯಾಪೆಟ್ ಎಂಬ ಎಣ್ಣೆ ತುಂಬಿದ ಪುಟ್ಟ ಬಟ್ಟಲಿದೆ, ಅದು ಮೆತ್ತೆಯಂತೆ ಒಂದಿಷ್ಟು ಒಳಗೆ ಹೋಗಿ ಸಣ್ಣಪುಟ್ಟ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಆದರೆ ಸಹನೆಗೂ ಒಂದು ತಳ ಇರುತ್ತದೆ. ಕಡ್ಡಿ ಮಿತಿಮೀರಿ ಉದ್ದವಾದರೆ ಮೆತ್ತೆ ತಳ ಮುಟ್ಟಿ ಕಲ್ಲಾಗುತ್ತದೆ, ವಾಲ್ವ್ ಮುಚ್ಚಬೇಕಾದ ಹೊತ್ತಿನಲ್ಲೂ ತುಟಿ ಬಿರಿದುಕೊಂಡೇ ಇರುತ್ತದೆ. ಗಿಡ್ಡವಾದರೆ ನಡುವೆ ಸಂದು ಬಿದ್ದು ಬಡಿಯುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಇದಕ್ಕೆ ನಾನೊಂದು ಸೂತ್ರ ಕಟ್ಟಿ ಗೋಡೆಗೆ ಅಂಟಿಸಿದ್ದೇನೆ: ‘ಕಡ್ಡಿ ಉದ್ದವಾದರೆ ಮುಚ್ಚಲು ಅಡ್ಡಿ, ಗಿಡ್ಡವಾದರೆ ಗಡಗಡ, ತೆರೆಯಲು ತಡ.’ ನಿಮ್ಮ ಮಗಳು ಓದಿ, ‘ಛಂದಸ್ಸು ಹೇಗಿದೆಯೋ ಗೊತ್ತಿಲ್ಲ, ಮೆಕಾನಿಕಲ್ ಸರಿ ಇದೆ’ ಎಂದಳು. ನನ್ನ ಕಾವ್ಯಜೀವನದಲ್ಲಿ ಸಿಕ್ಕ ಮೊದಲ ವಿಮರ್ಶೆ.

ಸೂತ್ರ ಆಮೇಲಿನದು. ಆ ಹೊತ್ತಿಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಸೊನ್ನೆ ಪಾಯಿಂಟ್ ಸೀಟು ಸರಿಯಾಗಿ ಕಡೆದಿಲ್ಲ ಎಂದರು, ಹಗ್ಗದ ಆಳು ಪೆಟ್ರೋಲು ಸರಿಯಿಲ್ಲ ಎಂದ, ನಾನು ಗ್ರಹಚಾರ ಎಂದೆ. ಅವಳು ಯಾರ ಮೇಲೂ ತಪ್ಪು ಹಾಕಲಿಲ್ಲ. ಎಲ್ಲರೂ ಹೋದ ಮೇಲೆ ಪ್ಲಗ್ಗಿನ ತೂತಿನಿಂದ ಗಾಳಿ ಊದಿಸಿ, ಒಮ್ಮೆ ಹೊಗೆಕೊಳವೆಗೆ ಕಿವಿ ಕೊಟ್ಟಳು, ಒಮ್ಮೆ ಕಾರ್ಬೊರೇಟರಿಗೆ ಕಿವಿ ಕೊಟ್ಟಳು. ಎರಡೂ ಕಡೆಯಿಂದ ಉಸಿರು ಬರುತ್ತಿತ್ತು, ವಾಲ್ವುಗಳು ಮುಚ್ಚಿಯೇ ಇರಲಿಲ್ಲ. ಮೇಲಿನ ಮುಚ್ಚಳ ತೆಗೆದು, ಕ್ಯಾಮಿನ ಉಬ್ಬು ಕೆಳಗಿರುವಂತೆ ತಿರುಗಿಸಿ, ಮೊದಲ ರಾಕರನ್ನು ಹೆಬ್ಬೆರಳಿನಲ್ಲಿ ಅದುಮಿದಳು. ಮೆತ್ತಗಿರಬೇಕಾದದ್ದು ಮಿಸುಕಲಿಲ್ಲ. ಎಂಟನ್ನೂ ಅದುಮಿ ನೋಡಿ, ಕೈ ಒರೆಸಿಕೊಂಡು, ‘ಕಡ್ಡಿ ಉದ್ದ ಆಗಿದೆ’ ಎಂದಳು. ಆಗತಾನೇ ಚಹಾ ಹಿಡಿದು ವಾಪಸು ಬಂದಿದ್ದ ಸೊನ್ನೆ ಪಾಯಿಂಟ್ ನಕ್ಕರು. ‘ಕಬ್ಬಿಣ ಬೆಳೆಯುತ್ತಾ ತಂಗೀ? ಹಳೇ ಕಡ್ಡಿಗಳೇ ಅಲ್ವಾ?’ ಅದಕ್ಕೆ ನಿಮ್ಮ ಮಗಳು ಹೇಳಿದ ಮಾತನ್ನು ಅಕ್ಷರಶಃ ಬರೆಯುತ್ತೇನೆ: ‘ಕಡ್ಡಿ ಬೆಳೆದಿಲ್ಲ ಅಣ್ಣ, ಮನೆ ಕುಗ್ಗಿದೆ.’

ಮುಖ ತೇಯಿಸಿದ್ದಕ್ಕೆ ಹೆಡ್ ಕೆಳಗಿಳಿಯಿತು. ತೆಳು ಗ್ಯಾಸ್ಕೆಟ್ಟಿಗೆ ಇನ್ನಷ್ಟು ಇಳಿಯಿತು. ಸೀಟು ಕಡೆದದ್ದಕ್ಕೆ ವಾಲ್ವಿನ ಕಾಂಡ ಮೇಲೆದ್ದು ರಾಕರಿನ ಬಾಲವನ್ನು ಕಡ್ಡಿಯ ಮೇಲೆ ಒತ್ತಿತು. ಮೂರನ್ನೂ ಚೀಟಿಯ ಮೇಲೆ ಕೂಡಿದಳು. ಕೂಡಿ ಹಣೆ ಗಂಟಿಕ್ಕಿದಳು. ಎಲ್ಲ ಸೇರಿ ಒಂದು ಮಿಲಿಮೀಟರ್ ಚಿಲ್ಲರೆ. ಅಷ್ಟನ್ನು ಟ್ಯಾಪೆಟ್ ಸಹಿಸಿಕೊಳ್ಳಬೇಕಿತ್ತು. ಎರಡಕ್ಕೂ ಮೇಲೆ ಹೋಗದೆ ಅದು ಹೀಗೆ ಕಲ್ಲಾಗುವುದಿಲ್ಲ. ‘ಇನ್ನೊಂದು ಮಿಲಿಮೀಟರ್ ಎಲ್ಲಿ ಹೋಯ್ತು?’ ಎಂದು ಎರಡು ದಿನ ಗೊಣಗುತ್ತಲೇ ಇದ್ದಳು. ಅನ್ನ ಬಡಿಸುವಾಗ ಅದೇ, ಬಟ್ಟೆ ಮಡಚುವಾಗ ಅದೇ. ಕಳೆದುಹೋದ ಉಂಗುರ ಹುಡುಕುವವರು ಹಾಸಿಗೆ ಕೊಡವುತ್ತಾರೆ, ಇವಳು ಎಂಜಿನ್ ಕೊಡವುತ್ತಿದ್ದಳು. ಮೂರನೇ ದಿನ ಅವಳು ರಾಕರ್ ಸ್ಟ್ಯಾಂಡನ್ನು ಕಿಟಕಿ ಬೆಳಕಿಗೆ ಹಿಡಿದು, ‘ರೀ, ಎಷ್ಟು ಚೆನ್ನಾಗಿ ತೊಳೆದಿದೀರಿ, ಅಡಿಯಲ್ಲಿ ಒಂದು ಕಲೆ ಇಲ್ಲ’ ಎಂದಳು. ಹೊಗಳಿಕೆ ಕೇಳಿ ಜೀವಮಾನದಲ್ಲಿ ಮೊದಲ ಸಲ ನನ್ನ ಬೆನ್ನು ತಣ್ಣಗಾಯಿತು. ಕೆರೆದಾಗ ಎದ್ದು ಬಂದ ಚಕ್ಕೆಗಳಲ್ಲಿ ಕೆಲವು ಪುಡಿಯಾಗದೆ ಗಟ್ಟಿಯಾಗಿದ್ದವು ಎಂಬುದು ಆಗ ನೆನಪಾಯಿತು. ಕಸದ ಡಬ್ಬವನ್ನು ನೆಲದ ಮೇಲೆ ಬೋರಲು ಹಾಕಿ ಮಂಡಿಯೂರಿ ಕೂತೆ. ಹತ್ತಿಯ ಚಿಂದಿ, ಮುರಿದ ಹ್ಯಾಕ್ಸಾ ಬ್ಲೇಡು, ನನ್ನ ಎರಡು ವಿಫಲ ಚೌಪದಿಗಳು, ಅವುಗಳ ನಡುವೆ ಕರಿ ಹಿಡಿದ ಏಳು ತಗಡಿನ ಚೂರು. ಎಂಟನೆಯದು ಇವತ್ತಿಗೂ ಸಿಕ್ಕಿಲ್ಲ. ಮಾವ, ಅವು ಸ್ಟ್ಯಾಂಡನ್ನು ಎತ್ತರಿಸಲು ನೀವು ಅದರ ಅಡಿಗೆ ಕೊಟ್ಟಿದ್ದ ಹಿತ್ತಾಳೆ ತಗಡುಗಳು. ಎಸೆದವನು ನಾನು. ಎಂಜಿನ್ ಸ್ಟಾರ್ಟ್ ಆಗದೆ ನಾಲ್ಕು ಜನರ ಮುಂದೆ ನಿಮ್ಮ ಮಗಳ ತಲೆ ಬಗ್ಗಿದ್ದಕ್ಕೆ ನನ್ನ ಸ್ವಚ್ಛತೆ ಕಾರಣ. ಈಗ ಬೈಯಿರಿ. ಚಿಕ್ಕವಳೇ, ಅಪ್ಪ ಬೈದು ಮುಗಿಸುವ ತನಕ ಕಾದು ಮುಂದಕ್ಕೆ ಓದು.

ಅವಳು ಬೈಯಲಿಲ್ಲ. ಒಂದು ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹೆಬ್ಬೆರಳಿನಿಂದ ಉಜ್ಜಿದಳು. ಮೂಲೆಗಳನ್ನು ಅರದಿಂದ ದುಂಡಗೆ ಉಜ್ಜಿದ್ದು ಕಾಣಿಸಿತು. ಯಾರ ಕೈ ಎಂದು ಹೇಳಬೇಕಾಗಿಯೇ ಇರಲಿಲ್ಲ. ಯಾರ ಕಣ್ಣಿಗೂ ಬೀಳದ ಜಾಗದ ತಗಡಿಗೂ ಮೂಲೆ ದುಂಡಗೆ ಮಾಡುವವರು ನೀವೊಬ್ಬರೇ. ಏಳನ್ನೂ ಮೈಕ್ರೋಮೀಟರಿನಲ್ಲಿ ಅಳೆದಳು. ಅರ್ಧ ಮಿಲಿಮೀಟರ್ ಚಿಲ್ಲರೆ. ರಾಕರ್ ಏತದಂತೆ ಇರುವುದರಿಂದ ಅದೇ ಕಡ್ಡಿಯ ತುದಿಯಲ್ಲಿ ಒಂದು ಮಿಲಿಮೀಟರ್ ಆಗುತ್ತದೆಯಂತೆ. ಲೆಕ್ಕ ಕೂಡಿತು. ಆದರೆ ಅವಳ ಮುಖ ಅರಳಲಿಲ್ಲ. ಏಳೂ ಬೇರೆಬೇರೆ ದಪ್ಪ, ಕೂದಲೆಳೆಯಷ್ಟು. ಅವನ್ನು ಅಂಗೈಯಲ್ಲಿ ಸಾಲಾಗಿ ಜೋಡಿಸಿಕೊಂಡು, ‘ಅಪ್ಪಂಗೆ ಆಗಲೇ ಕಾಣ್ತಿರಲಿಲ್ಲ ರೀ’ ಎಂದಳು. ಮೂರು ಸಲ ಅಳೆಯದೆ ಒಂದು ವಾಷರನ್ನೂ ಹಾಕಬೇಡ ಎಂದು ಅವಳಿಗೆ ಕಲಿಸಿದವರು ನೀವು. ಅಂಥವರು ಅಳೆಯುವುದನ್ನು ಬಿಟ್ಟು, ಒಂದೊಂದೇ ಟ್ಯಾಪೆಟ್ಟನ್ನು ಬೆರಳಿನಿಂದ ಅದುಮಿ ನೋಡಿ, ಅದಕ್ಕೆ ತಕ್ಕ ತಗಡು ಉಜ್ಜಿ ಕೊಟ್ಟಿದ್ದೀರಿ. ನಾಲ್ಕು ವರ್ಷದ ಹಿಂದೆ ಇದೇ ಲಾಂಚಿನ ಎಂಜಿನ್ ಬಂದಾಗ ನೀವು ಒಳಗಿನಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಕೆಲಸ ಮಾಡಿದ್ದು, ದಿನಕ್ಕೆರಡು ಸಲ ಅವಳನ್ನು ಬೇಡದ ಬಿಡಿಭಾಗಕ್ಕೆ ಅಂಗಡಿಗೆ ಅಟ್ಟಿದ್ದು ನನಗೆ ನೆನಪಾಯಿತು. ಆಗ ನಿಮಗೆ ವಯಸ್ಸಾಯಿತು, ಸಿಡುಕು ಎಂದುಕೊಂಡಿದ್ದೆವು. ಮಾವ, ಗೆರೆ ಕಾಣದ ಕಣ್ಣಿನಲ್ಲಿ, ಬರೀ ಬೆರಳಿನಲ್ಲಿ ಕೂದಲೆಳೆಯ ಲೆಕ್ಕಕ್ಕೆ ಎಂಜಿನ್ ಕಟ್ಟಿ, ಅದನ್ನು ನಾಲ್ಕು ವರ್ಷ ಹೊಳೆಯ ಮೇಲೆ ಓಡಿಸಿದ ಮನುಷ್ಯ ಇನ್ನೊಬ್ಬರಿದ್ದರೆ ತೋರಿಸಿ, ನಾನು ಪ್ರಾಸ ಬಿಡುತ್ತೇನೆ. ಇದನ್ನು ಬರೆಯುವಾಗ ನನಗೆ ಹೆಮ್ಮೆಯೇ ಆಗುತ್ತಿದೆ, ನೀವು ನಾಚಿಕೊಳ್ಳಬೇಕಾಗಿಲ್ಲ.

ಆಮೇಲಿನದು ಅವಳ ಹೆಮ್ಮೆ. ಸೊನ್ನೆ ಪಾಯಿಂಟ್ ಹೇಳಿದರು, ‘ಕಾರಣ ಸಿಕ್ತಲ್ಲ, ನಿಮ್ಮಪ್ಪ ಕೊಟ್ಟ ಹಾಗೇ ತಗಡು ಕೊಟ್ಬಿಡು, ಇನ್ನೆರಡು ಹೆಚ್ಚಿಗೆ ಹಾಕು, ಸಂಜೆಗೆ ಲಾಂಚ್ ಓಡುತ್ತೆ.’ ನನಗೂ ಅದೇ ಸರಿ ಎನ್ನಿಸಿತು, ಯಾಕೆಂದರೆ ಹದಿನೈದು ಹತ್ತಿರ ಬರುತ್ತಿತ್ತು. ಅವಳು ತೆಗೆದಿಟ್ಟಿದ್ದ ಹಳೆಯ ವಾಲ್ವುಗಳ ತಲೆಯನ್ನು ನಮ್ಮಿಬ್ಬರಿಗೂ ತೋರಿಸಿದಳು. ಸವೆತ ನಡುವಿನಲ್ಲಿ ಇರಲಿಲ್ಲ, ಒಂದು ಅಂಚಿಗೆ ವಾಲಿತ್ತು. ಸ್ಟ್ಯಾಂಡ್ ಎತ್ತರಿಸಿದರೆ ಕಡ್ಡಿಗೆ ಜಾಗ ಸಿಗುತ್ತದೆ ನಿಜ, ಆದರೆ ರಾಕರಿನ ಮೂತಿ ವಾಲ್ವಿನ ತಲೆಯನ್ನು ನಟ್ಟನಡುವೆ ಒತ್ತದೆ ಪಕ್ಕಕ್ಕೆ ಸವರಿಕೊಂಡು ಒತ್ತುತ್ತದೆ, ವಾಲ್ವಿನ ದಾರಿ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ ಎಂದಳು. ‘ಅಪ್ಪ ಆಗ ಕೈಲಾದ್ದು ಮಾಡಿದಾರೆ. ನಂಗೆ ಕಣ್ಣಿದೆ, ನಾನು ಅದನ್ನೇ ಮಾಡಿದ್ರೆ ತಪ್ಪು. ಸ್ಟ್ಯಾಂಡ್ ಅದರ ಜಾಗದಲ್ಲೇ ಇರಲಿ, ಕಡ್ಡಿ ಗಿಡ್ಡ ಆಗಲಿ.’ ಲಾಂಚಮ್ಮನಿಗೆ ಇನ್ನೂ ಆರು ದಿನ ಬೇಕೆಂದು ಹೇಳಿ ಕಳಿಸಿದಳು. ಅವರಿಂದ ಬಂದ ಉತ್ತರವನ್ನು ಹಗ್ಗದ ಆಳು ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡು ಒಪ್ಪಿಸಿ ಓಡಿಹೋದ. ಅದನ್ನು ಚಿಕ್ಕವಳ ಬಾಯಲ್ಲಿ ಓದಿಸುವ ಹಾಗಿಲ್ಲ.

ಬಾಗಿದ್ದ ಹಳೆಯ ಕಡ್ಡಿಯೊಂದನ್ನು ನಡುವೆ ಕತ್ತರಿಸಿ, ಒಳಗೆ ತಿರುಪು ಕೊರೆದ ಸರಳು ಕೂರಿಸಿ, ನಟ್ಟು ತಿರುಗಿಸಿದರೆ ಉದ್ದ ಹೆಚ್ಚುಕಡಿಮೆ ಆಗುವ ಅಳತೆ ಕಡ್ಡಿಯೊಂದನ್ನು ಮಾಡಿಕೊಂಡಳು. ಅದನ್ನು ಒಂದೊಂದೇ ಜಾಗಕ್ಕೆ ಇಳಿಸಿ, ಟ್ಯಾಪೆಟ್ಟಿನ ಮೆತ್ತೆ ಎಷ್ಟು ಒಳಗೆ ಹೋಗಬೇಕೋ ಅಷ್ಟೇ ಹೋಗುವವರೆಗೆ ನಟ್ಟು ತಿರುಗಿಸಿ, ಬಿಗಿದು, ತೆಗೆದು, ಅಳೆದು ಬರೆದಳು. ಮೂರು ಸಲ ಅಳೆದಳು ಎಂದು ಬೇರೆ ಹೇಳಬೇಕೆ? ಆಮೇಲೆ ನನ್ನ ಮೇಜಿನಿಂದ ಸೀಲಿನ ಪ್ಯಾಡನ್ನು ಕೇಳದೆ ಒಯ್ದು ವಾಲ್ವಿನ ತಲೆಗೆಲ್ಲ ನೀಲಿ ಬಳಿದಳು, ಎಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ರಾಕರ್ ಎತ್ತಿ ನನ್ನನ್ನು ಕರೆದಳು. ನೀಲಿಯ ನಟ್ಟನಡುವೆ ಬೆಂಕಿಕಡ್ಡಿಯಷ್ಟು ಸಣ್ಣಗೆ ಒಂದು ಬೆಳ್ಳಿ ಗೆರೆ. ಅಷ್ಟು ಚಂದದ ಸಾಲನ್ನು ನಾನು ಇದುವರೆಗೆ ಬರೆದಿಲ್ಲ. ಸೊನ್ನೆ ಪಾಯಿಂಟ್ ಕಡ್ಡಿಗಳ ಒಂದು ತುದಿ ಕಿತ್ತು, ಕೊಳವೆಯನ್ನು ಎರಡು ಮಿಲಿಮೀಟರಿನ ಆಸುಪಾಸು ಕಡಿಮೆ ಮಾಡಿ, ತುದಿಯನ್ನು ಮತ್ತೆ ಒತ್ತಿ ಕೂರಿಸಿದರು. ಎಂಟರಲ್ಲಿ ಎರಡನ್ನು ಇವಳು ಒಪ್ಪದೆ ವಾಪಸು ಮಾಡಿದಳು. ‘ತಂಗೀ, ಬರೀ ಸೊನ್ನೆ ಪಾಯಿಂಟ್ ಸೊನ್ನೆ ಐದು!’ ಎಂದು ಅವರು ಅಂಗಲಾಚಿದರು. ‘ಅಷ್ಟೇ ಅಲ್ವಾ ಅಣ್ಣ, ಹಾಗಾದ್ರೆ ಬೇಗ ಆಗುತ್ತೆ, ಮಾಡಿ’ ಎಂದಳು.

ಮೊನ್ನೆ ಮಂಗಳವಾರ ಬೆಳಿಗ್ಗೆ ಎಂಜಿನನ್ನು ಲಾಂಚಿನಲ್ಲೇ ಕೂರಿಸಿ ಹ್ಯಾಂಡಲ್ ಹಾಕಿದಳು. ಈ ಸಲ ಅದು ಅವಳ ಕೈಯನ್ನು ಎದುರು ಒತ್ತಿತು. ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು. ಮೊದಲು ಟ್ಯಾಪೆಟ್ಟಿಗೆ ಎಣ್ಣೆ ಏರುವ ತನಕ ಒಂದಿಷ್ಟು ಟಕಟಕ ಎಂದು, ಆಮೇಲೆ ಸದ್ದು ಇಳಿಯಿತು ನೋಡಿ, ಮಾವ! ಕಿವಿಗೆ ಹತ್ತಿ ಇಟ್ಟ ಹಾಗೆ. ಆಚೆ ದಡ ಮುಟ್ಟುವಾಗ ಹಗ್ಗದ ಆಳು ಎಂದಿನ ಅಭ್ಯಾಸದಂತೆ ಗಂಟಲು ಹರಿಯುವ ಹಾಗೆ ‘ಹಗ್ಗ ಹಿಡಿಯೋ ಕತ್ತೇ!’ ಎಂದು ಕೂಗಿದ. ಇಡೀ ಲಾಂಚ್ ತಿರುಗಿ ಅವನನ್ನು ನೋಡಿತು. ಅಷ್ಟು ಕೂಗುವ ಅಗತ್ಯವೇ ಇರಲಿಲ್ಲ. ಪಾಪ, ನಾಲ್ಕು ವರ್ಷದಿಂದ ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತಿತ್ತು. ಮೂರು ಜನ ನರ್ಸುಗಳು ನಕ್ಕರು, ಅವನು ಕಿವಿಯವರೆಗೆ ಕೆಂಪಾದ. ಲಾಂಚಮ್ಮ ಮಾತ್ರ ನಗದೆ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಹೊಳೆಯ ಅರ್ಧದವರೆಗೂ ಹಾಗೇ ನಿಂತಿದ್ದರು. ಈಚೆ ದಡಕ್ಕೆ ಬಂದು ಇಳಿಯುವಾಗ ನಿಮ್ಮ ಮಗಳಿಗೆ, ‘ನಮ್ಮಣ್ಣಂದೂ ಇದೇ ಥರದ್ದು ಒಂದಿದೆ, ಬೆಳಿಗ್ಗೆ ಎದ್ದರೆ ಕೆಮ್ಮುತ್ತೆ. ಯಾವತ್ತು ತರಲಿ?’ ಎಂದರು. ‘ಅಪ್ಪ ಎಲ್ಲಿ’ ಎಂದು ಕೇಳಲಿಲ್ಲ. ‘ಅಪ್ಪ ಯಾವಾಗ’ ಎಂದೂ ಕೇಳಲಿಲ್ಲ. ‘ಯಾವತ್ತು ತರಲಿ’ ಎಂದರು. ಮನೆಯವರೆಗೂ ಇವಳ ನಡಿಗೆ ನಮ್ಮ ಮದುವೆಯಾದ ಹೊಸತರಲ್ಲಿ ಇತ್ತಲ್ಲ, ಆ ಥರ ಇತ್ತು. ನಾನು ಹಿಂದೆ ಸ್ಪ್ಯಾನರ್ ಚೀಲ ಹೊತ್ತುಕೊಂಡು ಬಂದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೇಳದೆಯೇ ಕಥೆ ಹೇಳಿದೆ. ಪೋಸ್ಟಾಫೀಸಿನವರಿಗೆ ಎರಡು ಸಲ ಹೇಳಿದೆನಂತೆ.

ಇಲ್ಲಿ ಉಳಿದಂತೆ ಎಲ್ಲ ಕ್ಷೇಮ. ಮೊಮ್ಮಗಳು ಪರೀಕ್ಷೆ ಚೆನ್ನಾಗಿ ಬರೆದಿದ್ದೇನೆ ಎನ್ನುತ್ತಾಳೆ, ನಾನೂ ಆ ವಯಸ್ಸಿನಲ್ಲಿ ಹಾಗೇ ಎನ್ನುತ್ತಿದ್ದೆ. ನಿಮ್ಮ ಕುರ್ಚಿಯ ಮೇಲೆ ಸದ್ಯ ಬೆಕ್ಕು ಮಲಗುತ್ತದೆ, ಎಬ್ಬಿಸಿದರೆ ನಿಮ್ಮ ಹಾಗೇ ನೋಡುತ್ತದೆ. ನಿಮ್ಮ ದೊಡ್ಡ ಮಗಳು ತಗಡಿನ ವಿಷಯ ನಿಮಗೆ ಬರೆಯಕೂಡದು ಎಂದಿದ್ದಾಳೆ, ‘ಅಪ್ಪ ನೊಂದುಕೊಳ್ತಾರೆ’ ಎಂದು. ನೊಂದುಕೊಳ್ಳಬೇಡಿ. ಬಂದ ಮೇಲೆ ನೀವೇನೂ ಅರಿಯದವರಂತೆ ಇದ್ದುಬಿಡಿ. ಕಣ್ಣಿಗೆ ಕೈ ಹಾಕಬೇಡಿ, ಸೋಪಿನ ನೀರು ತಾಗಿಸಬೇಡಿ, ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಳಕ್ಕೆ ಹೋಗಿ ಎಂದು ಹೇಳಿಕಳಿಸಿದ್ದಾಳೆ. ಚಿಕ್ಕವಳಿಗೆ, ಅವಳ ಯಜಮಾನರಿಗೆ, ಮಕ್ಕಳಿಗೆ ನನ್ನ ನೆನಪುಗಳು. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ನಾಲ್ಕು ಸಿಲಿಂಡರಿನ ಮೇಲೂ ಇರಲಿ.

ಈ ಸಾಲಿನವರೆಗೂ ನಿಮ್ಮ ಮಾತು ಮೀರದ,
ಅಳಿಯ

ವಿ.ಸೂ.: ಚಿಕ್ಕವಳೇ, ಇಲ್ಲಿಗೆ ನಿಲ್ಲಿಸು. ಕಾಗದದ ಈ ತುದಿಯನ್ನು ಮಡಿಸಿ ಪಿನ್ನು ಹೊಡೆದಿದ್ದೇನೆ, ಇಪ್ಪತ್ತನೇ ತಾರೀಖು ಅಪ್ಪನೇ ಬಿಚ್ಚಲಿ. ಮಾವ, ಅಕ್ಷರ ದಪ್ಪಗೆ ಬರೆದಿದ್ದೇನೆ, ಅವಸರದಲ್ಲಿ ಸೊಟ್ಟಗಾಗಿದೆ, ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ. ಟೈರಿನವರು ನಿನ್ನೆ, ಹದಿನೈದಕ್ಕೆ, ಹೇಳಿದ ಹೊತ್ತಿಗೇ ಬಂದರು. ಕಾಗದ ಕೊಡಲಿಲ್ಲ. ‘ಜಾಗ ಖಾಲಿ ಇಲ್ಲ, ಇಲ್ಲಿ ಎಂಜಿನ್ ಕಟ್ಟುವವರಿದ್ದಾರೆ’ ಎಂದು ಹೇಳಿ ಕಳಿಸಿದೆ. ನಿಮ್ಮನ್ನು ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ. ಇಂಥದೊಂದು ಕಾಗದ ಇತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದು ಬಿಡುವುದು ನಿಮ್ಮ ಕೈಯಲ್ಲಿದೆ. ನಾನು ಅದನ್ನು ಹರಿದಿಲ್ಲ. ಅದರ ಮೇಲೆ ನಿಮ್ಮ ಸಹಿ ಇದೆ, ಹರಿಯುವ ಕೈ ನನ್ನದಾಗಬಾರದು. ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ.